ಬಿರುಕು ಕಾಣುವ ಮೊದಲೇ ಕೇಳಿಸುತ್ತದೆ

ಸಂತೆಯಲ್ಲಿ ಮಡಕೆ ಕೊಳ್ಳುವವರು ಮೊದಲು ಬೆರಳಿನಿಂದ ಬಡಿದು ನೋಡುತ್ತಾರೆ. ಠಣ್ ಎಂದರೆ ಗಟ್ಟಿ, ದಡ್ ಎಂದರೆ ಎಲ್ಲೋ ಸೀಳಿದೆ. ರೈಲಿನ ಚಕ್ರಗಳನ್ನೂ ಬಹಳ ಕಾಲ ಹೀಗೇ ಪರೀಕ್ಷಿಸುತ್ತಿದ್ದರು. ಗಾಡಿ ನಿಂತಾಗ ಉದ್ದ ಹಿಡಿಯ ಸುತ್ತಿಗೆ ಹಿಡಿದ ನೌಕರ ಒಂದೊಂದೇ ಚಕ್ರಕ್ಕೆ ಬಡಿದು ಸದ್ದು ಕೇಳುತ್ತಾ ಹೋಗುತ್ತಿದ್ದ.

ತಿರುಗುವ ಕಬ್ಬಿಣ ಹೇಗೆ ಮುರಿಯುತ್ತದೆ ಎಂಬುದು ಜಗತ್ತಿಗೆ ದೊಡ್ಡ ಪ್ರಶ್ನೆಯಾದದ್ದು ಫ್ರಾನ್ಸಿನಲ್ಲಿ. 1842ರ ಮೇ 8ರಂದು ವರ್ಸೇಲ್ಸ್‌ನಲ್ಲಿ ರಾಜನ ಗೌರವಾರ್ಥ ನಡೆದ ಉತ್ಸವ ಮುಗಿಸಿ ಜನ ಪ್ಯಾರಿಸ್ಸಿಗೆ ವಾಪಸಾಗುತ್ತಿದ್ದರು. ದಾರಿಯಲ್ಲಿ ಮುಂದಿನ ಇಂಜಿನ್ನಿನ ಅಚ್ಚು ಮುರಿಯಿತು. ಡಬ್ಬಿಗಳು ಒಂದರ ಮೇಲೊಂದು ಹತ್ತಿದವು, ಬೆಂಕಿ ಹಿಡಿಯಿತು. ಬಾಗಿಲುಗಳಿಗೆ ಹೊರಗಿನಿಂದ ಬೀಗ, ಆಗಿನ ಪದ್ಧತಿಯೇ ಹಾಗೆ! 50ಕ್ಕೂ ಹೆಚ್ಚು ಜನ ಸತ್ತರು. ದಕ್ಷಿಣ ಧ್ರುವದ ಹಿಮಸಾಗರದವರೆಗೆ ಹೋಗಿ ಬದುಕಿ ಬಂದಿದ್ದ ನಾವಿಕ ಡ್ಯುಮಾಂಟ್ ಡರ್ವಿಲ್ ಹೆಂಡತಿ, ಮಗನ ಸಮೇತ ಅಲ್ಲಿ ಸುಟ್ಟುಹೋದ.

ಕುಲುಕಾಟದಿಂದ ಕಬ್ಬಿಣದ ಗುಣವೇ ಬದಲಾಗಿ ಹರಳುಗಟ್ಟುತ್ತದೆ ಎಂದು ಆಗ ಅನೇಕರು ನಂಬಿದ್ದರು. ಮರುವರ್ಷ ಸ್ಕಾಟ್ಲೆಂಡಿನ ಯುವ ಇಂಜಿನಿಯರ್ ರಾಂಕಿನ್ ಮುರಿದ ಅಚ್ಚುಗಳನ್ನು ನೋಡಿ ಬೇರೆಯೇ ಮಾತು ಹೇಳಿದ. ಅಚ್ಚಿನ ದಪ್ಪ ಬದಲಾಗುವ ಮೂಲೆಯಲ್ಲಿ, ಮೈಮೇಲೆ ಬಿರುಕು ಹುಟ್ಟಿ ನಿಧಾನವಾಗಿ ಒಳಗೆ ಹೋಗುತ್ತದೆ ಎಂದ. ಆಮೇಲೆ ಜರ್ಮನಿಯ ವೋಲರ್ ವರ್ಷಗಟ್ಟಲೆ ಪ್ರಯೋಗ ಮಾಡಿ, ಒಂದು ಸಲ ಹೇರಿದರೆ ಏನೂ ಆಗದ ಭಾರವೂ ಲಕ್ಷಾಂತರ ಸಲ ಬಿದ್ದರೆ ಅಚ್ಚನ್ನು ಮುರಿಯುತ್ತದೆ ಎಂದು ತೋರಿಸಿದ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ತುಂಡರಿಸುತ್ತೇವಲ್ಲ, ಹಾಗೆ. ಅಂದರೆ ಬಿರುಕು ನಮಗೆ ಸಮಯ ಕೊಡುತ್ತದೆ.

ಆದರೆ ಸುತ್ತಿಗೆ ನಿಂತ ಯಂತ್ರಕ್ಕೆ ಮಾತ್ರ. ನಿಮಿಷಕ್ಕೆ 3000 ಸುತ್ತು ತಿರುಗುತ್ತಾ ತಿಂಗಳುಗಟ್ಟಲೆ ನಿಲ್ಲದ ವಿದ್ಯುತ್ ಸ್ಥಾವರದ ಟರ್ಬೈನಿಗೆ ಯಾರು ಬಡಿಯುತ್ತಾರೆ? ಅಲ್ಲಿ ಬೇರಿಂಗಿನ ಹತ್ತಿರ ಸೆನ್ಸರ್ ಕೂರಿಸಿ ಕಂಪನ ಅಳೆಯುತ್ತಾರೆ. ಅಡ್ಡ ಮಲಗಿದ ಶಾಫ್ಟ್ ತನ್ನ ಭಾರಕ್ಕೇ ಒಂದಿಷ್ಟು ಜೋತಿರುತ್ತದೆ. ಬಿರುಕು ಕೆಳಗೆ ಬಂದಾಗ ಬಾಯಿ ತೆರೆಯುತ್ತದೆ, ಮೇಲೆ ಹೋದಾಗ ಮುಚ್ಚುತ್ತದೆ, ಉಸಿರಾಡಿದ ಹಾಗೆ. ಇದರಿಂದ ಸುತ್ತಿಗೊಮ್ಮೆ ಬರುವ ಕಂಪನದ ಜತೆಗೆ ಸುತ್ತಿಗೆ ಎರಡು ಸಲ ಬರುವ ಕಂಪನವೂ ಬೆಳೆಯತೊಡಗುತ್ತದೆ. ಬೆರೆತ ಕಂಪನಗಳನ್ನು ಬೇಗ ಬೇರ್ಪಡಿಸುವ ಲೆಕ್ಕದ ವಿಧಾನವನ್ನು 1965ರಲ್ಲಿ ಅಮೆರಿಕದ ಕೂಲಿ ಮತ್ತು ಟುಕಿ ಪ್ರಕಟಿಸಿದರು. 1970ರ ದಶಕದಲ್ಲಿ ಬಿರುಕು ಬಿಟ್ಟ ಶಾಫ್ಟ್‌ಗಳ ಅಧ್ಯಯನ ಜೋರಾಯಿತು. ಶಾಫ್ಟ್ ಸರಿಯಾಗಿ ಜೋಡಣೆಯಾಗದಿದ್ದರೂ ಇಂಥದೇ ಗುರುತು ಬರುವುದುಂಟು. ಹಾಗಾಗಿ ಒಂದು ದಿನದ ಅಳತೆ ಸಾಲದು, ಹಳೆಯ ಅಳತೆಗಳ ಜತೆ ಹೋಲಿಸಬೇಕು. ನನಗೆ ಇಡೀ ವಿದ್ಯೆಯ ಜೀವ ಇಲ್ಲೇ ಇದೆ ಅನ್ನಿಸುತ್ತದೆ.

ಟರ್ಬೈನಿನ ಒಂದು ಎಲೆಯ ಬುಡದಲ್ಲಿ ಸಣ್ಣ ಬಿರುಕಿದ್ದರೆ ಮಾತ್ರ ಬೇರಿಂಗಿನ ಸೆನ್ಸರಿಗೆ ಅದು ಸಾಮಾನ್ಯವಾಗಿ ತಿಳಿಯುವುದಿಲ್ಲ. ಯಂತ್ರ ನಿಲ್ಲಿಸಿ, ಬಿಚ್ಚಿಯೇ ನೋಡಬೇಕು. 1993ರ ಮಾರ್ಚ್ 31ರ ಬೆಳಗಿನ ಜಾವ ಉತ್ತರ ಪ್ರದೇಶದ ನರೋರಾ ಅಣು ವಿದ್ಯುತ್ ಸ್ಥಾವರದಲ್ಲಿ ಹೀಗೆ ದಣಿದಿದ್ದ ಎರಡು ಎಲೆಗಳು ಕಿತ್ತು ಹಾರಿದವು. ತೂಕ ತಪ್ಪಿದ ಟರ್ಬೈನ್ ಭಯಂಕರವಾಗಿ ಅದುರಿತು, ಜನರೇಟರಿನ ಹೈಡ್ರೋಜನ್ ಸೋರಿ ಬೆಂಕಿ ಹತ್ತಿತು, ಕೇಬಲ್‌ಗಳು ಸುಟ್ಟವು. ಸುಮಾರು 17 ಗಂಟೆ ಸ್ಥಾವರಕ್ಕೇ ಕರೆಂಟಿಲ್ಲ. ವಿಕಿರಣ ಹೊರಗೆ ಬರಲಿಲ್ಲ. ಆ ಕತ್ತಲಲ್ಲಿ ಸಿಬ್ಬಂದಿ ಟಾರ್ಚ್ ಹಿಡಿದು ಮೇಲೆ ಹತ್ತಿ, ಕೈಯಿಂದಲೇ ವಾಲ್ವ್ ತಿರುಗಿಸಿ ರಿಯಾಕ್ಟರಿಗೆ ಬೋರಾನ್ ದ್ರಾವಣ ಬಿಟ್ಟರು.