ಗಾವಠಿ ಶಾಲೆಯ ‘ಸೋಮಾರಿ’ ಹುಡುಗ

‘ಆ ಹುಡುಗ ಶುದ್ಧ ಸೋಮಾರಿ’ ಎಂಬ ಮಾತು ನಮ್ಮ ಶಾಲೆಗಳ ಸ್ಟಾಫ್ ರೂಮಿನಲ್ಲಿ ವಾರಕ್ಕೊಮ್ಮೆಯಾದರೂ ಕೇಳಿಬರುತ್ತದೆ. ಹೋಮ್‌ವರ್ಕ್ ಬರೆಯದವನು, ತಡವಾಗಿ ಬರುವವನು, ಲೆಕ್ಕವನ್ನು ಅರ್ಧಕ್ಕೇ ಬಿಡುವವನು, ಹೀಗೆ ಎಲ್ಲರಿಗೂ ಅದೊಂದೇ ಹೆಸರು. ಈ ಹುಡುಗ ಹೊಸಬನೇನಲ್ಲ. ಇನ್ನೂರು ವರ್ಷಗಳ ಹಿಂದೆ ಒಬ್ಬ ಆಂಗ್ಲ ಅಧಿಕಾರಿ ಇವನ ಬಗ್ಗೆ ಸರಕಾರಿ ದಾಖಲೆಯಲ್ಲಿ ಬರೆದಿಟ್ಟಿದ್ದಾನೆ. ಅದೂ ದೂರದ ಊರಿನಲ್ಲಲ್ಲ. ನಮ್ಮ ಹರ್ತಿಯಿಂದ ಮುಂಡರಗಿಯ ಕಡೆ ಹೊರಟು ತುಂಗಭದ್ರೆ ದಾಟಿದರೆ ಸಿಗುವ ಹಡಗಲಿ ಸೀಮೆ ಆಗ ಸೇರಿದ್ದ ಬಳ್ಳಾರಿ ಜಿಲ್ಲೆಯಲ್ಲಿ.

ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಎಲ್ಲ ಕಲೆಕ್ಟರುಗಳಿಂದ ಊರೂರಿನ ಶಾಲೆಗಳ ಲೆಕ್ಕ ಕೇಳಿದನು. ಬಹಳ ಕಲೆಕ್ಟರುಗಳು ಅಂಕಿಗಳನ್ನು ತುಂಬಿ ಕಳಿಸಿ ಕೈತೊಳೆದುಕೊಂಡರು. ಆದರೆ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್, 1816ರಲ್ಲಿಯೇ ತೆಲುಗು ವ್ಯಾಕರಣ ಬರೆದಿದ್ದ ಪಂಡಿತ, 1823ರ ಆಗಸ್ಟ್ 17ರಂದು ದೀರ್ಘವಾದ ವರದಿಯನ್ನೇ ಬರೆದನು. ಜಿಲ್ಲೆಯಲ್ಲಿ ಒಟ್ಟು 533 ಶಾಲೆಗಳು, 6,641 ವಿದ್ಯಾರ್ಥಿಗಳು. ಕನ್ನಡ ಶಾಲೆ 235, ತೆಲುಗು 226, ಫಾರಸಿ 21. ಮುಸ್ಲಿಂ ವಿದ್ಯಾರ್ಥಿಗಳು 243 ಮಂದಿ. ಹುಡುಗಿಯರು ಎಲ್ಲ ಸೇರಿ ಅರವತ್ತು. ಶಾಲೆಯೊಂದಕ್ಕೆ ಸರಾಸರಿ ಹನ್ನೆರಡು ಮಕ್ಕಳು ಎಂದಾಯಿತು. ಇಂದು ಐವತ್ತು ಮಕ್ಕಳ ಮುಂದೆ ನಿಲ್ಲುವ ಮಾಸ್ತರರಿಗೆ ಇದು ಸ್ವರ್ಗದಂತೆ ಕಂಡೀತು!

ಬೆಳಗಿನ ಆರು ಗಂಟೆಗೆ ಶಾಲೆ. ಮೊದಲು ಬಂದವನ ಅಂಗೈ ಮೇಲೆ ಗೌರವಾರ್ಥವಾಗಿ ಸರಸ್ವತಿಯ ಹೆಸರು. ಎರಡನೆಯವನ ಅಂಗೈಗೆ ಒಂದು ಸೊನ್ನೆ, ಎಂದರೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಒಂದು ಮೆಲ್ಲಗಿನ ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಬಂದಂತೆಲ್ಲ ಒಂದೊಂದು ಹೆಚ್ಚು. ಕೊನೆಗೆ ಬಂದವನ ಗತಿ ಏನೆಂದು ಓದುಗರೇ ಲೆಕ್ಕ ಹಾಕಿಕೊಳ್ಳಬಹುದು. ಇನ್ನು ‘ಸೋಮಾರಿ’ಗೆ ಛಡಿ ಏಟು, ಬಸ್ಕಿ, ಅಥವಾ ಎರಡೂ ಕೈ ಕಟ್ಟಿ ರಾಟೆಯಿಂದ ಮಾಡಿಗೆ ತೂಗುಹಾಕುವುದು. ನಮ್ಮ ಹಿರಿಯರು ‘ಕೋದಂಡ’ ಎನ್ನುತ್ತಿದ್ದುದು ಇದನ್ನೇ.

ಅದೇ ವರದಿಯಲ್ಲಿ ಇನ್ನೊಂದು ಮಾತಿದೆ. ಸುಮಾರು ಹತ್ತು ಲಕ್ಷ ಜನರಿರುವ ಜಿಲ್ಲೆಯಲ್ಲಿ ಏಳು ಸಾವಿರ ಮಕ್ಕಳೂ ಶಾಲೆಯಲ್ಲಿಲ್ಲ, ಮೊದಲು ಶಾಲೆ ಇದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಇಲ್ಲ ಎಂದು ಕ್ಯಾಂಪ್‌ಬೆಲ್ ಬರೆಯುತ್ತಾನೆ. ಕಾರಣ ಬಡತನ. ವಿಲಾಯತಿಯ ಬಟ್ಟೆ ಬಂದು ನೇಕಾರರ ಬದುಕು ಕೆಟ್ಟಿತ್ತು. ಕೈಕಾಲು ತುಸು ಬಲಿತ ಕೂಡಲೇ ಮಗು ದುಡಿಮೆಗೆ ಬೇಕಾಗುತ್ತಿತ್ತು. ಹಾಗಾದರೆ ಬೆಳಗಿನ ಆರಕ್ಕೆ ಬಾರದೆ ಹತ್ತು ಏಟು ತಿಂದ ಆ ಹುಡುಗ ಸೋಮಾರಿಯೋ, ಅದಾಗಲೇ ಮನೆಯ ಒಂದು ಕೆಲಸ ಮುಗಿಸಿ ಬಂದವನೋ? ಕ್ಯಾಂಪ್‌ಬೆಲ್ ಈ ಎರಡು ಸಂಗತಿಗಳನ್ನು ಜೋಡಿಸಿ ನೋಡಲಿಲ್ಲ. ನಾವೂ ಎಷ್ಟೋ ಸಲ ನೋಡುವುದಿಲ್ಲ.

ಅವನು ಮನಸಾರೆ ಮೆಚ್ಚಿದ್ದು ಬೇರೊಂದನ್ನು. ಗಾವಠಿ ಶಾಲೆಯಲ್ಲಿ ಮಕ್ಕಳು ಸಾಮಾನ್ಯವಾಗಿ ನಾಲ್ಕು ತರಗತಿಗಳಾಗಿ ಕೂಡುತ್ತಿದ್ದರು. ಮುಂದಿದ್ದವರು ಹಿಂದಿದ್ದವರಿಗೆ ಹೇಳಿಕೊಡುತ್ತ ತಮ್ಮ ಪಾಠವನ್ನೂ ಗಟ್ಟಿ ಮಾಡಿಕೊಳ್ಳುತ್ತಿದ್ದರು. ಮಗು ತನ್ನ ಶಕ್ತಿಗೆ ತಕ್ಕಂತೆ ಮೇಲೇರುತ್ತಿತ್ತು, ವಯಸ್ಸಿಗೆ ತಕ್ಕಂತಲ್ಲ. ಈ ಕ್ರಮ ಆ ಹೊತ್ತಿಗಾಗಲೇ ಸಮುದ್ರ ದಾಟಿತ್ತು. ಮದ್ರಾಸಿನ ಎಗ್ಮೋರಿನ ಅನಾಥಾಲಯದ ಶಾಲೆಗೆ 1789ರಲ್ಲಿ ಬಂದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ಇಲ್ಲಿಯ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡನು. ತನ್ನ ಶಿಕ್ಷಕರು ಅದಕ್ಕೆ ಒಪ್ಪದಿದ್ದಾಗ ಎಂಟು ವರ್ಷದ ಹುಡುಗನೊಬ್ಬನನ್ನೇ ಕೆಳಗಿನ ತರಗತಿಗೆ ಗುರುವಾಗಿ ಕೂರಿಸಿದನು. 1797ರಲ್ಲಿ ಲಂಡನ್ನಿನಲ್ಲಿ ಅದರ ವರದಿ ಅಚ್ಚಾಯಿತು, ‘ಮದ್ರಾಸ್ ಪದ್ಧತಿ’ ಎಂಬ ಹೆಸರೂ ಬಂತು. ಆದರೆ ಅಲ್ಲಿ ಅದು ಒಬ್ಬ ಮಾಸ್ತರನ ಸಂಬಳದಲ್ಲಿ ನೂರಾರು ಮಕ್ಕಳಿಗೆ ಕಲಿಸುವ ಅಗ್ಗದ ಉಪಾಯವಾಯಿತು. ಇಂಥದೇ ಶಾಲೆ ನಡೆಸಿದ ಜೋಸೆಫ್ ಲ್ಯಾಂಕಾಸ್ಟರ್ ಹೊಡೆತ ಬೇಡವೆಂದನು, ಸರಿ. ಬದಲಿಗೆ ತಪ್ಪು ಮಾಡಿದವನನ್ನು ಬುಟ್ಟಿಯಲ್ಲಿ ಕೂರಿಸಿ ಮಾಡಿಗೆ ತೂಗುಹಾಕಿ ಎಲ್ಲರೂ ನಗುವಂತೆ ಮಾಡಿದನು. ಕೋದಂಡ ಇನ್ನೊಂದು ವೇಷದಲ್ಲಿ ಬಂದಂತಾಯಿತು.

ನಮ್ಮ ಮದರಸಾಗಳ ಇತಿಹಾಸದಲ್ಲೂ ಇದಕ್ಕೆ ಜೋಡಿ ಉಂಟು. ಉಸ್ತಾದರು ಹೇಳಿದ ಪಾಠವನ್ನು ಹಿಂದುಳಿದವರಿಗೆ ಮತ್ತೊಮ್ಮೆ ಹೇಳಿಕೊಡುವ ‘ಮುಈದ್’ ಎಂಬ ಹುದ್ದೆ ಮಧ್ಯಯುಗದ ದೊಡ್ಡ ಮದರಸಾಗಳಲ್ಲಿ ಇತ್ತು. ಇಬ್ನ್ ಖಲ್ದೂನರು 1377ರಲ್ಲಿ ಬರೆದ ‘ಮುಕದ್ದಿಮಾ’ದಲ್ಲಿ ವಿದ್ಯಾರ್ಥಿಗಳ ಮೇಲಿನ ಕಾಠಿಣ್ಯದ ಬಗ್ಗೆಯೇ ಒಂದು ಅಧ್ಯಾಯವಿದೆ. ಬಲಾತ್ಕಾರದಲ್ಲಿ ಬೆಳೆದ ಮಗುವಿನ ಉತ್ಸಾಹ ಕುಗ್ಗಿ ಅದು ಸೋಮಾರಿಯಾಗುತ್ತದೆ, ಏಟಿನ ಭಯಕ್ಕೆ ಸುಳ್ಳನ್ನೂ ಕಪಟವನ್ನೂ ಕಲಿಯುತ್ತದೆ ಎಂಬುದು ಅವರ ವಾದ. ಛಡಿ ಸೋಮಾರಿತನಕ್ಕೆ ಔಷಧವೆಂದು ನಾವು ತಿಳಿದಿದ್ದರೆ, ಅವರು ಅದನ್ನು ಕಾಯಿಲೆಯ ಮೂಲವೆಂದು ಕಂಡರು.

ಛಡಿ ನಮ್ಮಲ್ಲಿ ಬಹುಕಾಲ ಉಳಿಯಿತು. ಗೆಳೆಯ ಕಲಿಸುವ ಕ್ರಮ ಮಾತ್ರ ತರಗತಿಯ ಮಾನಿಟರ್ ಎಂಬ ಬಡಕಲು ರೂಪದಲ್ಲಿ, ಬೋರ್ಡಿನ ಮೇಲೆ ಗದ್ದಲ ಮಾಡಿದವರ ಹೆಸರು ಬರೆಯುವ ಮಟ್ಟಕ್ಕೆ ಇಳಿಯಿತು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ 1995ರಲ್ಲಿ ಶುರುವಾದ ‘ನಲಿ-ಕಲಿ’ ಅದನ್ನು ಮತ್ತೆ ತಂದಿತು. ಅದರಲ್ಲಿ ಕಲಿಕೆಯ ಏಣಿ ಇದೆ. ಶಿಕ್ಷಕರ ಸಹಾಯದಿಂದ ಕಲಿಯುವ ಗುಂಪು, ಗೆಳೆಯರ ಸಹಾಯದ ಗುಂಪು, ತಾನೇ ಕಲಿಯುವ ಗುಂಪು ಎಂದು ತಟ್ಟೆಗಳಿವೆ. ಸುಗ್ಗಿಯಲ್ಲಿ ಹದಿನೈದು ದಿನ ತಪ್ಪಿಸಿಕೊಂಡ ಮಗು ಮರಳಿ ಬಂದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಏರಬಹುದು. 2009-10ರಲ್ಲಿ ಇದು ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆ ಬಂತು. 2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು. ಕಾಯ್ದೆ ಛಡಿಯನ್ನು ಕಿತ್ತುಕೊಂಡಿತು. ಕೈ ಖಾಲಿಯಾದ ಶಿಕ್ಷಕ ಆ ಜಾಗದಲ್ಲಿ ಏನನ್ನು ಹಿಡಿಯಬೇಕೆಂಬುದನ್ನು ತರಬೇತಿಗಳಲ್ಲಿ ನಮಗೆ ಹೇಳಿದ್ದು ಕಡಿಮೆ.

ನನ್ನ ಕನ್ನಡ ಪಿರಿಯಡ್ಡಿನಲ್ಲೂ ಒಬ್ಬ ‘ಸೋಮಾರಿ’ ಇದ್ದ. ಉರ್ದು ಸಬಕ್ ಓದುವುದರಲ್ಲಿ ಎಲ್ಲರಿಗಿಂತ ಮುಂದು, ಕನ್ನಡ ಕಾಪಿ ಬರೆಯುವಾಗ ಮಾತ್ರ ಪೆನ್ಸಿಲ್ ಕೆತ್ತುತ್ತ ಕೂಡುತ್ತಿದ್ದ. ಎರಡು ಸಲ ಅವನನ್ನು ಬಾಗಿಲ ಹೊರಗೆ ನಿಲ್ಲಿಸಿದ್ದೇನೆ. ಆಮೇಲೆ ಪಕ್ಕದಲ್ಲಿ ಕುಳಿತು ನೋಡಿದಾಗ ತಿಳಿಯಿತು, ಅವನಿಗೆ ಒತ್ತಕ್ಷರ ಒಂದೂ ಬರುತ್ತಿರಲಿಲ್ಲ. ‘ಅಮ್ಮ’ ಎಂಬಲ್ಲಿಯೇ ನಿಂತುಬಿಡುತ್ತಿದ್ದ. ಏಳನೆಯ ತರಗತಿಯ ಹುಡುಗನೊಬ್ಬನನ್ನು ಜೊತೆಗೆ ಕೂರಿಸಿ, ದಿನಕ್ಕೆ ಒಂದು ಪುಟದ ಬದಲು ಮೂರೇ ಸಾಲು ಎಂದೆ. ಬೆಲ್ಲಿಗೆ ಹತ್ತು ನಿಮಿಷ ಮುಂಚೆ ಇಬ್ಬರೂ ಬರುತ್ತಿದ್ದರು. ಕೆಲವು ದಿನ ಮೂರು ಸಾಲೂ ಆಗುತ್ತಿರಲಿಲ್ಲ. ಹತ್ತಿ ಬಿಡಿಸುವ ಕಾಲದಲ್ಲಿ ಎರಡು ವಾರ ಬರಲೇ ಇಲ್ಲ. ಮರಳಿ ಬಂದ ದಿನ ದೊಡ್ಡ ಹುಡುಗ ನನ್ನನ್ನು ಕೇಳದೆಯೇ ಹಳೆಯ ವಹಿ ತೆರೆದು, ಬಿಟ್ಟಿದ್ದ ಸಾಲಿನ ಮೇಲೆ ಬೆರಳಿಟ್ಟ.