ಕಂದಾಯದ ನ್ಯಾಯ, ವಾರ್ಡಿನ ದನಿ: ಕೆಂಗೇರಿಯ ನೆಲೆಯಿಂದ ಬೆಂಗಳೂರಿನ ಆಸ್ತಿ ತೆರಿಗೆ

1. ಪೀಠಿಕೆ

2007ರ ಜನವರಿಯಲ್ಲಿ ಏಳು ನಗರಸಭೆಗಳು ಮತ್ತು 110 ಹಳ್ಳಿಗಳ ಜೊತೆಗೆ ಕೆಂಗೇರಿ ಪುರಸಭೆಯೂ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು. ಹಳೆಯ ಪೇಟೆ, ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಉಪನಗರ, ಹೊಲಗದ್ದೆಗಳಲ್ಲಿ ಎದ್ದ ರೆವಿನ್ಯೂ ಬಡಾವಣೆಗಳು ಎಲ್ಲವೂ ಒಂದೇ ಕಂದಾಯ ವ್ಯವಸ್ಥೆಯೊಳಗೆ ಬಂದವು. ರಸ್ತೆ, ಚರಂಡಿ, ಬೀದಿದೀಪ, ಕಸ ವಿಲೇವಾರಿ ನಡೆಯಬೇಕಾದರೆ ತೆರಿಗೆ ಸಂದಾಯವಾಗಲೇಬೇಕು. ಆದರೆ ಆ ತೆರಿಗೆಯ ಹೊರೆ ಯಾರ ಮೇಲೆ ಎಷ್ಟು ಬೀಳಬೇಕು ಎಂಬುದನ್ನು ಪ್ರಶ್ನಿಸಲು ಜನರಿಗೆ ಯಾವ ವೇದಿಕೆಯಿದೆ? ಕಾಯ್ದೆ ಮತ್ತು ದರಪಟ್ಟಿಗಳನ್ನು ಆಧರಿಸಿ ಈ ಲೇಖನ ಮಂಡಿಸುವ ವಾದವಿದು: ಲೆಕ್ಕ ಬಹಿರಂಗವಾದಾಗಲೆಲ್ಲ ಬೆಂಗಳೂರಿನ ನಾಗರಿಕ ಸಂಘಟನೆಗೆ ಬಲ ಬಂದಿದೆ; ಚುನಾಯಿತ ಸಭೆ ಇಲ್ಲದ ವರ್ಷಗಳಲ್ಲೂ ಬಾಡಿಗೆದಾರರು ಹೊರಗುಳಿದ ಕಡೆಯೂ ಅದು ಸೊರಗಿದೆ.

2. ಲೆಕ್ಕ ಜನರ ಕೈಗೆ ಬಂದ ಬಗೆ

ಹಿಂದೆ ಆಸ್ತಿ ತೆರಿಗೆಗೆ ವಾರ್ಷಿಕ ಬಾಡಿಗೆ ಮೌಲ್ಯವೇ ಆಧಾರವಾಗಿತ್ತು. ಆ ಮೌಲ್ಯವನ್ನು ಅಂದಾಜು ಮಾಡುವುದು ಕಂದಾಯ ಸಿಬ್ಬಂದಿಯ ವಿವೇಚನೆಗೆ ಬಿಟ್ಟದ್ದಾದ್ದರಿಂದ ಒಂದೇ ಬೀದಿಯ ಎರಡು ಮನೆಗಳಿಗೆ ಬೇರೆ ಬೇರೆ ತೆರಿಗೆ ಬೀಳಲು ಅವಕಾಶವಿತ್ತು. 2000ರಲ್ಲಿ ಪಾಲಿಕೆ ಸ್ವಯಂ ಘೋಷಣಾ ಪದ್ಧತಿಯನ್ನು ಐಚ್ಛಿಕವಾಗಿ ತಂದಿತು. ದರಪಟ್ಟಿ ಪ್ರಕಟವಾಯಿತು, ಮನೆಯವರೇ ಅಳತೆ ಹಾಕಿ ತೆರಿಗೆ ಲೆಕ್ಕ ಮಾಡಿಕೊಳ್ಳುವಂತಾಯಿತು.

ತನ್ನ ತೆರಿಗೆಯ ಲೆಕ್ಕ ಗೊತ್ತಾದವನು ಪಾಲಿಕೆಯ ಖರ್ಚಿನ ಲೆಕ್ಕವನ್ನೂ ಕೇಳುವುದು ಸಹಜ. 2002ರಲ್ಲಿ ಜನಾಗ್ರಹ, ಪಬ್ಲಿಕ್ ಅಫೇರ್ಸ್ ಸೆಂಟರ್, ವಾಯ್ಸಸ್ ಮತ್ತು ಅಕ್ಷರ ಫೌಂಡೇಶನ್ ಎಂಬ ನಾಗರಿಕ ಸಂಸ್ಥೆಗಳು ಸೇರಿ ನಡೆಸಿದ ‘ಪ್ರೂಫ್’ ಅಭಿಯಾನದ ಬೇಡಿಕೆ ಇದೇ ಆಗಿತ್ತು: ಪಾಲಿಕೆ ಮೂರು ತಿಂಗಳಿಗೊಮ್ಮೆ ತನ್ನ ಆದಾಯ-ವೆಚ್ಚದ ಪಟ್ಟಿಯನ್ನು ಜನರ ಮುಂದಿಡಬೇಕು. ತೆರಿಗೆ ಕಟ್ಟುವುದಕ್ಕೂ ಸೇವೆ ಕೇಳುವುದಕ್ಕೂ ಇರುವ ನಂಟನ್ನು ಈ ಅಭಿಯಾನ ಸಾರ್ವಜನಿಕ ಚರ್ಚೆಗೆ ತಂದಿತು.

3. ವಲಯದ ಗೆರೆ, ದಂಡದ ಹೊರೆ

2008ರಲ್ಲಿ ಘಟಕ ವಿಸ್ತೀರ್ಣ ಮೌಲ್ಯ ಪದ್ಧತಿ ಜಾರಿಗೆ ಬಂತು. ಆಸ್ತಿ ನೋಂದಣಿಗೆ ಸರ್ಕಾರ ಗೊತ್ತುಮಾಡುವ ಮಾರ್ಗಸೂಚಿ ದರದ ಆಧಾರದ ಮೇಲೆ ನಗರವನ್ನು ಎ ಯಿಂದ ಎಫ್ ವರೆಗೆ ಆರು ವಲಯಗಳಾಗಿ ವಿಂಗಡಿಸಲಾಯಿತು. 1,000 ಚದರಡಿಯ ಆರ್‌ಸಿಸಿ ಮನೆಯೊಂದನ್ನು ತೆಗೆದುಕೊಳ್ಳೋಣ. 2008ರ ದರದಂತೆ ಇ ವಲಯದಲ್ಲಿ ಸ್ವಂತ ವಾಸಕ್ಕೆ ಚದರಡಿಗೆ ತಿಂಗಳಿಗೆ 1.20 ರೂಪಾಯಿ, ತೆರಿಗೆಗೆ ಲೆಕ್ಕ ಹಿಡಿಯುವ ಹತ್ತು ತಿಂಗಳಿಗೆ 12,000. ಅದರ ಶೇ. 20ರಂತೆ ತೆರಿಗೆ 2,400, ಅದರ ಮೇಲೆ ಶೇ. 24 ಉಪಕರ, ಸವಕಳಿ ಕಳೆಯುವ ಮುನ್ನ ಒಟ್ಟು 2,976 ರೂಪಾಯಿ. ಅದೇ ಮನೆ ಡಿ ವಲಯದಲ್ಲಿದ್ದರೆ ದರ 1.60, ಮೊತ್ತ 3,968. ಗೆರೆ ಸರಿದರೆ ವರ್ಷಕ್ಕೆ 992 ರೂಪಾಯಿ ಹೆಚ್ಚು.

2016ರಲ್ಲಿ ದರಗಳು ಏರಿದವು, ವಲಯಗಳೂ ಬದಲಾದವು. ಅನೇಕರು ಹಳೆಯ ವಲಯದಂತೆಯೇ ಕಟ್ಟುತ್ತ ಹೋದರು. ಪಾಲಿಕೆಯೂ ವರ್ಷ ವರ್ಷ ಆ ಹಣ ಪಡೆದು ರಸೀದಿ ಕೊಟ್ಟಿತು. 2021ರಲ್ಲಿ ಸುಮಾರು 78,000 ಆಸ್ತಿಗಳಿಗೆ ಬಾಕಿ, ಬಡ್ಡಿ ಮತ್ತು ಬಾಕಿಯ ಎರಡರಷ್ಟು ದಂಡದ ನೋಟಿಸು ಹೋಯಿತು. ಕ್ಷೇಮಾಭಿವೃದ್ಧಿ ಸಂಘಗಳು ಒಟ್ಟಾಗಿ ತಕರಾರು ತೆಗೆದವು. 2024ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ ದಂಡ ಇಳಿಯಿತು, ಒಂದೇ ಬಾರಿ ತೀರುವಳಿಯ ಅವಕಾಶವೂ ಸಿಕ್ಕಿತು. ಅದೇ ವರ್ಷದ ಫೆಬ್ರವರಿಯಲ್ಲಿ ಮಾರ್ಗಸೂಚಿ ದರಕ್ಕೆ ತೆರಿಗೆಯನ್ನು ನೇರವಾಗಿ ಜೋಡಿಸುವ ಕರಡು ಹೊರಬಿದ್ದಾಗಲೂ ಆಕ್ಷೇಪಣೆಗಳು ಬಂದವು. ಸರ್ಕಾರ ಅದನ್ನು ಮುಂದೂಡಿತು.

4. ಚಿಕ್ಕ ಮನೆಗೆ ದೊಡ್ಡ ಪಾಲು

2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆಯ ಜೊತೆಗೇ ಕಸ ನಿರ್ವಹಣೆಯ ಬಳಕೆದಾರರ ಶುಲ್ಕ ಸೇರಿತು. ತಿಂಗಳಿಗೆ 600 ಚದರಡಿವರೆಗೆ 10 ರೂಪಾಯಿ, 1,000ದವರೆಗೆ 50, 2,000ದವರೆಗೆ 100, 3,000ದವರೆಗೆ 150, 4,000ದವರೆಗೆ 200, ಅದಕ್ಕೂ ದೊಡ್ಡ ಮನೆಗೆ 400. ಮೇಲುನೋಟಕ್ಕೆ ದೊಡ್ಡವರಿಗೆ ಹೆಚ್ಚು, ಚಿಕ್ಕವರಿಗೆ ಕಡಿಮೆ. ಚದರಡಿಗೆ ಭಾಗಿಸಿದರೆ ಚಿತ್ರವೇ ಬೇರೆ: 601 ಚದರಡಿಯ ಮನೆಗೆ ಎಂಟು ಪೈಸೆಗೂ ಹೆಚ್ಚು, 8,000 ಚದರಡಿಯ ಬಂಗಲೆಗೆ ಐದೇ ಪೈಸೆ. ಅದಕ್ಕಿಂತ ದೊಡ್ಡದಾದರೆ ಇನ್ನೂ ಕಡಿಮೆ. 20×30 ಅಡಿಯ ನಿವೇಶನದಲ್ಲಿ ಎರಡಂತಸ್ತು ಕಟ್ಟಿಕೊಂಡ ಮನೆಯ ವಿಸ್ತೀರ್ಣ ಸಾಮಾನ್ಯವಾಗಿ 600 ದಾಟುತ್ತದೆ. ಚದರಡಿಯ ಲೆಕ್ಕದಲ್ಲಿ ಅಂಥ ಮನೆಗಳಿಗೂ ಹೊರೆ ಜೋರಾಗಿಯೇ ತಾಗುತ್ತದೆ. ಇದನ್ನು ಅನ್ಯಾಯ ಎನ್ನಲು ಈ ಲೇಖಕನಿಗೆ ಹಿಂಜರಿಕೆಯಿಲ್ಲ.

5. ಸಂಘಟನೆಯ ಮಿತಿ

ಸಂಘಟನೆಯ ಒಳಗೂ ಪ್ರಶ್ನೆಗಳಿವೆ. ಘಟಕ ವಿಸ್ತೀರ್ಣ ಪದ್ಧತಿಯಲ್ಲಿ ಬಾಡಿಗೆಗೆ ಕೊಟ್ಟ ಮನೆಯ ದರ ಸ್ವಂತ ವಾಸದ ದರದ ಎರಡರಷ್ಟು: 2008ರ ದರದಂತೆ ಇ ವಲಯದ ಅದೇ ಮನೆಗೆ 5,952 ರೂಪಾಯಿ. ಕಟ್ಟುವವರು ಮಾಲೀಕರು, ಆ ಖರ್ಚು ಬಾಡಿಗೆಯೊಳಗೆ ಸೇರಿಕೊಂಡರೆ ಹೊರುವವರು ಬಾಡಿಗೆದಾರರು. ಆದರೆ ನೋಟಿಸು ಬರುವುದು ಮಾಲೀಕರಿಗೆ, ತಕರಾರು ಹೂಡುವುದು ಅವರ ಸಂಘ. ನಿವಾಸಿಗಳ ದನಿಗೆಂದು ಇದ್ದ ಹತ್ತು ಸದಸ್ಯರ ವಾರ್ಡ್ ಸಮಿತಿಯಲ್ಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ನಿವಾಸಿ ಸಂಘಗಳಿಗೆ ಕಾಯ್ದೆ ಸ್ಥಾನ ಮೀಸಲಿಟ್ಟಿತು. ಬಾಡಿಗೆದಾರರಿಗೆಂದು ಒಂದು ಸ್ಥಾನವನ್ನೂ ಇಡಲಿಲ್ಲ. ಅನುಮೋದನೆಯಿಲ್ಲದ ಬಡಾವಣೆಗಳ ಬಿ ಖಾತಾ ಮನೆಯವರ ಪಾಡೂ ಹೀಗೇ. ಅವರಿಂದ ತೆರಿಗೆ ವಸೂಲಾಗುತ್ತದೆ. ಆ ರಸೀದಿಯಿಂದ ಆಸ್ತಿ ಸಕ್ರಮವಾಗುವುದಿಲ್ಲ.

ಇನ್ನೊಂದು ಕೊರತೆ ಇದಕ್ಕಿಂತ ಗಂಭೀರ. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿಯ ಕಾಲ ಬಂತು. 2021ರ ನೋಟಿಸು, 2024ರ ಕರಡು, 2025ರ ಕಸದ ಶುಲ್ಕ ಮೂರೂ ಬಂದದ್ದು ಈ ಅವಧಿಯಲ್ಲೇ. ಕೆಂಗೇರಿಯವರು ‘ಯಾಕೆ ಹೀಗೆ’ ಎಂದು ಕೇಳಲು ಕಾರ್ಪೊರೇಟರ್ ಇರಲಿಲ್ಲ. ಕೌನ್ಸಿಲ್ ಸಭೆಯಲ್ಲಿ ತೆರಿಗೆಯ ಚರ್ಚೆಯೂ ನಡೆಯಲಿಲ್ಲ. ಸಂಘಟನೆಯ ಕೆಲಸ ಮನವಿ, ಆಕ್ಷೇಪಣೆ, ಕೋರ್ಟು ಇಷ್ಟಕ್ಕೆ ಸೀಮಿತವಾಯಿತು.

6. ಉಪಸಂಹಾರ

2025ರ ಸೆಪ್ಟೆಂಬರ್ 2ರಂದು ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯಡಿ ಐದು ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ಪಾಲಿಕೆ ಐದಾದ ಮಾತ್ರಕ್ಕೆ ತೆರಿಗೆ ನ್ಯಾಯವಾಗದು. ಈ ಅಧ್ಯಯನದಿಂದ ಮೂರು ಬೇಡಿಕೆಗಳು ಹೊಮ್ಮುತ್ತವೆ. ಒಂದು, ಪ್ರತಿ ವಾರ್ಡಿನಲ್ಲಿ ವಸೂಲಾದ ತೆರಿಗೆಯನ್ನೂ ಅಲ್ಲಿ ಮಾಡಿದ ಖರ್ಚನ್ನೂ ಮೂರು ತಿಂಗಳಿಗೊಮ್ಮೆ ಕನ್ನಡದಲ್ಲಿ ಪ್ರಕಟಿಸಬೇಕು. ಎರಡು, ವಲಯ ಅಥವಾ ದರ ಬದಲಾಗುವ ಮುನ್ನ ವಾರ್ಡ್ ಸಮಿತಿಯಲ್ಲಿ ಚರ್ಚೆಯಾಗಬೇಕು. ಆ ಸಮಿತಿಯಲ್ಲಿ ಬಾಡಿಗೆದಾರರಿಗೂ ಸ್ಥಾನವಿರಬೇಕು. ಮೂರು, ಕಸದ ಶುಲ್ಕ ವಿಸ್ತೀರ್ಣಕ್ಕೆ ತಕ್ಕಂತೆ ಏರಬೇಕು. 4,000 ಚದರಡಿಯ ಮೇಲೆ ಅದು ನಿಂತುಬಿಡಬಾರದು. ತೆರಿಗೆ ಕಡಿಮೆ ಮಾಡಿ ಎಂದಷ್ಟೇ ಕೇಳುವ ಚಳವಳಿಗೆ ಸಾರ್ವಜನಿಕ ಸೇವೆಗಳನ್ನು ಕಾಪಾಡಲಾಗದು. ಹೊರೆಯನ್ನು ಶಕ್ತಿಗೆ ತಕ್ಕಂತೆ ಹಂಚಿ, ಹಣದ ಲೆಕ್ಕ ಒಪ್ಪಿಸಿ ಎಂದು ಮಾಲೀಕರೂ ಬಾಡಿಗೆದಾರರೂ ಜೊತೆಗೂಡಿ ಕೇಳಿದಾಗ ಮಾತ್ರ ಆ ಸೇವೆಗಳು ಉಳಿಯುತ್ತವೆ.