ಇಸ್ರೇಲಿನಲ್ಲಿ ಆರೈಕೆಯ ಕೆಲಸ: ಹೊರಡುವ ಮುನ್ನ ತಿಳಿಯಬೇಕಾದ ಕಾನೂನು, ಕಲಿಯಬೇಕಾದ ಮನೆಯ ರೀತಿ

ನಮ್ಮ ಕರಾವಳಿಯಲ್ಲಿ ಒಂದು ಕಾಲಕ್ಕೆ 'ಫಾರಿನ್' ಎಂದರೆ ಕುವೈಟ್, ಬಹರೈನ್, ದುಬಾಯಿ ಎಂದೇ ಅರ್ಥವಿತ್ತು. ಈಗ ಉಡುಪಿ, ಮಂಗಳೂರು ಕಡೆಯ ಧರ್ಮಕೇಂದ್ರಗಳಲ್ಲಿ 'ಇಸ್ರೇಲಿನಲ್ಲಿದ್ದಾರೆ' ಎಂಬ ಮಾತೂ ಅಷ್ಟೇ ಸಾಮಾನ್ಯವಾಗಿದೆ. 2023ರಲ್ಲಿ ಅಲ್ಲಿ ಸುಮಾರು 18 ಸಾವಿರ ಭಾರತೀಯರಿದ್ದರು. ಅವರಲ್ಲಿ ಹೆಚ್ಚಿನವರು ವೃದ್ಧರ ಅಥವಾ ಅಂಗವಿಕಲರ ಮನೆಯಲ್ಲೇ ಉಳಿದು ಅವರನ್ನು ನೋಡಿಕೊಳ್ಳುವ ಕೆಲಸದವರು. ಕೇರಳದವರ ಸಂಖ್ಯೆ ದೊಡ್ಡದು, ನಮ್ಮವರೂ ಕಡಿಮೆಯಿಲ್ಲ. ಅಲ್ಲಿಂದ ಕಳುಹಿಸಿದ ಹಣದಲ್ಲಿ ಮನೆ ಕಟ್ಟಿದವರು, ಮಕ್ಕಳನ್ನು ನರ್ಸಿಂಗ್, ಇಂಜಿನಿಯರಿಂಗ್ ಓದಿಸಿದವರು ನಮ್ಮ ವಾಳೆಗಳಲ್ಲೇ ಸಿಗುತ್ತಾರೆ. ಸಾಲ ತೀರುವ ಮೊದಲೇ ಹಿಂತಿರುಗಿದವರೂ ಇದ್ದಾರೆ. ಅವರ ಸುದ್ದಿ ಮಾತ್ರ ಹೊರಗೆ ಬರುವುದಿಲ್ಲ.

ಗಲ್ಫಿನ ಅನುಭವವನ್ನು ನಂಬಿ ಇಸ್ರೇಲಿಗೆ ಹೊರಡುವವರು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಗಲ್ಫಿನಲ್ಲಿ ಬಹುತೇಕರು ಕಂಪೆನಿಗೆ ಕೆಲಸ ಮಾಡುತ್ತಾರೆ, ಕೆಲಸ ಮುಗಿದರೆ ತಮ್ಮ ರೂಮಿಗೆ ಬರುತ್ತಾರೆ. ಇಲ್ಲಿ ಒಬ್ಬ ಅಜ್ಜ ಅಥವಾ ಅಜ್ಜಿಯ ಮನೆಯೇ ಕೆಲಸದ ಜಾಗ, ವಾಸದ ಜಾಗವೂ ಅದೇ. ವೀಸಾ ನಿಂತಿರುವುದೂ ಅದೇ ಒಬ್ಬ ವ್ಯಕ್ತಿಯ ಮೇಲೆ. ಆದುದರಿಂದ ಇಸ್ರೇಲಿನ ಕಾನೂನನ್ನು ಎಷ್ಟು ತಿಳಿಯಬೇಕೋ ಯೆಹೂದಿ ಮನೆಯೊಳಗಿನ ನಡವಳಿಕೆಯನ್ನೂ ಅಷ್ಟೇ ತಿಳಿಯಬೇಕು. ಒಂದು ತಪ್ಪಿದರೆ ಇನ್ನೊಂದೂ ಕೈಬಿಡುತ್ತದೆ.

ವೀಸಾದ ಲೆಕ್ಕ

ಈ ಕೆಲಸಕ್ಕೆ ಸಿಗುವುದು 'ಬಿ-1' ಎಂಬ ಕೆಲಸದ ವೀಸಾ. ಮೊದಲು ಅಲ್ಲಿನ ರೋಗಿ ಅಥವಾ ವೃದ್ಧರಿಗೆ ವಿದೇಶಿ ಆರೈಕೆದಾರರನ್ನು ಇಟ್ಟುಕೊಳ್ಳಲು ಸರಕಾರದ ಅನುಮತಿ ಸಿಗಬೇಕು. ಆ ಅನುಮತಿ ಇಲ್ಲದ ಮನೆಯಲ್ಲಿ ದುಡಿದರೆ, ಕೈಯಲ್ಲಿ ವೀಸಾ ಇದ್ದರೂ ಅದು ಅಕ್ರಮ ಕೆಲಸ. ಈ ವೀಸಾದಲ್ಲಿ ಹೋದವರು ಆರೈಕೆಯ ಕೆಲಸವನ್ನೇ ಮಾಡಬೇಕು, ರೋಗಿಯ ಮನೆಯಲ್ಲೇ ಉಳಿಯಬೇಕು. ಹೋಟೆಲಿನಲ್ಲಿ ಪಾತ್ರೆ ತೊಳೆಯಲು, ರಜೆಯ ದಿನ ಬೇರೆಯವರ ಮನೆ ಗುಡಿಸಲು ಹೋಗುವುದು ಕಾನೂನಿಗೆ ವಿರುದ್ಧ. ಎಷ್ಟೋ ಮಂದಿ ಹೋಗುತ್ತಾರೆ, ಸಿಕ್ಕಿಬಿದ್ದು ಗಡೀಪಾರಾಗುವವರೂ ಇರುತ್ತಾರೆ.

ವೀಸಾದ ಸಾಮಾನ್ಯ ಮಿತಿ 63 ತಿಂಗಳು, ಅಂದರೆ ಐದು ವರ್ಷ ಮೂರು ತಿಂಗಳು. ಅಷ್ಟರೊಳಗೆ ವರ್ಷ ವರ್ಷ ನವೀಕರಿಸುತ್ತ ಹೋಗಬೇಕು. 63 ತಿಂಗಳು ತುಂಬುವಾಗ ಒಂದೇ ಮನೆಯಲ್ಲಿ ವರ್ಷಕ್ಕಿಂತ ಹೆಚ್ಚು ಕಾಲದಿಂದ ಇದ್ದರೆ, ಆ ರೋಗಿಯ ಜೊತೆ ಮುಂದೆಯೂ ಉಳಿಯಲು ಅವಕಾಶ ಸಿಗುತ್ತದೆ. ಹತ್ತು ಹದಿನೈದು ವರ್ಷ ಅಲ್ಲಿದ್ದೇವೆ ಎನ್ನುವವರ ಗುಟ್ಟು ಇದೇ. ಆದರೆ ಆ ಅವಧಿ ಮೀರಿದ ಮೇಲೆ ಅಜ್ಜಿ ತೀರಿಕೊಂಡರೆ ಸಾಮಾನ್ಯವಾಗಿ ಊರಿಗೆ ಹಿಂತಿರುಗಬೇಕು. 63 ತಿಂಗಳೊಳಗೆ ಹೀಗಾದರೆ ನಿಗದಿತ ದಿನಗಳೊಳಗೆ ಹೊಸ ಮನೆ ಹುಡುಕಿ, ಪರವಾನಗಿ ಇರುವ ಅಲ್ಲಿನ ಸಂಸ್ಥೆಯ ಮೂಲಕವೇ ನೋಂದಾಯಿಸಿಕೊಳ್ಳಬೇಕು. 'ಮೊದಲು ಕೆಲಸಕ್ಕೆ ಸೇರು, ಪೇಪರು ಆಮೇಲೆ ಮಾಡುವ' ಎನ್ನುವ ಮಾತಿಗೆ ಒಪ್ಪಬಾರದು.

ಗಂಡ ಹೆಂಡತಿ ಇಬ್ಬರೂ ಹೋಗಿ ದುಡಿಯುವ ಆಸೆಗೆ ಇಲ್ಲಿ ದಾರಿ ಇಲ್ಲ. ಪತಿ ಅಥವಾ ಪತ್ನಿ, ತಂದೆ ತಾಯಿ, ಮಕ್ಕಳು, ಇವರಲ್ಲಿ ಯಾರಾದರೂ ಅಲ್ಲಿ ಕೆಲಸದಲ್ಲಿದ್ದರೆ ಇನ್ನೊಬ್ಬರಿಗೆ ವೀಸಾ ಸಿಗುವುದಿಲ್ಲ. ಈ ಸಂಗತಿಯನ್ನು ಮುಚ್ಚಿಟ್ಟು ಅರ್ಜಿ ಹಾಕಿ ಮುಂದೆ ಇಬ್ಬರೂ ಕಷ್ಟಕ್ಕೆ ಬೀಳಬಾರದು. ಐದು ವರ್ಷ ಮಕ್ಕಳು ಯಾರ ಬಳಿ ಇರಬೇಕು ಎಂಬುದನ್ನು ಹೊರಡುವ ಮೊದಲೇ ಮನೆಮಂದಿ ಕೂತು ತೀರ್ಮಾನಿಸಬೇಕು. ರಜೆಯಲ್ಲಿ ಊರಿಗೆ ಬರುವವರು ಮರಳಿ ಒಳಗೆ ಹೋಗಲು 'ಇಂಟರ್ ವೀಸಾ' ಮಾಡಿಸಿಕೊಂಡೇ ವಿಮಾನ ಹತ್ತಬೇಕು.

ಇನ್ನೊಂದು ವಿಚಾರ ಬರೆಯಲು ನಮಗೆ ಸಂಕೋಚವಾಗುತ್ತದೆ, ಬರೆಯದಿದ್ದರೆ ತಪ್ಪಾಗುತ್ತದೆ. ಪವಿತ್ರ ನಾಡಿನ ಯಾತ್ರೆಗೆಂದು ತಂಡದೊಂದಿಗೆ ಹೋಗಿ, ಅಲ್ಲಿ ತಪ್ಪಿಸಿಕೊಂಡು ಕೆಲಸಕ್ಕೆ ಸೇರುವ ದಾರಿಯನ್ನು ಕೆಲವು ಏಜೆಂಟರು ಹೇಳಿಕೊಡುತ್ತಾರೆ. ಹಾಗೆ ಉಳಿದವರಿಗೆ ಸಂಬಳದ ಚೀಟಿ ಇಲ್ಲ, ವಿಮೆ ಇಲ್ಲ, ತಂದೆ ತಾಯಿ ತೀರಿಕೊಂಡರೂ ಬಂದು ಮರಳುವ ಹಾಗಿಲ್ಲ. ಅವರನ್ನು ನಂಬಿ ಕರೆದೊಯ್ದ ತಂಡದವರೂ, ಮುಂದೆ ಯಾತ್ರೆಗೆ ವೀಸಾ ಕೇಳುವವರೂ ಇದರ ಫಲ ಉಣ್ಣುತ್ತಾರೆ.

ಏಜೆಂಟರಿಗೆ ಕೊಡುವ ಹಣ

ನಮ್ಮಲ್ಲಿ ಕೇಳಲು ಬರುವವರ ಮೊದಲ ಪ್ರಶ್ನೆ 'ಎಷ್ಟು ಕೊಡಬೇಕು' ಎಂಬುದು. ಭಾರತದ 1983ರ ವಲಸೆ ಕಾಯಿದೆಯ ಪ್ರಕಾರ ವಿದೇಶದ ಕೆಲಸಕ್ಕೆ ಜನರನ್ನು ಕಳುಹಿಸುವವರು ಕೇಂದ್ರ ಸರಕಾರದಲ್ಲಿ ನೋಂದಾಯಿತ ಏಜೆಂಟರಾಗಿರಬೇಕು. ಅವರು ಕೆಲಸಗಾರರಿಂದ ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಅದಕ್ಕೆ ರಶೀದಿ ಕೊಡಲೇಬೇಕು. ಇಸ್ರೇಲಿನ ಕಾನೂನು ಕೂಡ ಅಲ್ಲಿನ ಸಂಸ್ಥೆಗಳು ಕೆಲಸಗಾರರಿಂದ ಪಡೆಯುವ ಹಣಕ್ಕೆ ಮಿತಿ ಹಾಕಿದೆ. ವಾಸ್ತವದಲ್ಲಿ ಹಲವು ಲಕ್ಷ ಕೈ ಬದಲಾಯಿಸುವುದು ಎಲ್ಲರಿಗೂ ಗೊತ್ತು. ಆ ಹಣಕ್ಕೆ ರಶೀದಿ ಸಿಗುವುದಿಲ್ಲ.

ಗಲ್ಫ್ ದೇಶಗಳಿಗೆ ಹತ್ತನೇ ತರಗತಿ ಪಾಸಾಗದವರು ಹೋಗುವಾಗ ವಲಸೆ ಇಲಾಖೆಯ ಅನುಮತಿ ಬೇಕು. ಆ ದೇಶಗಳ ಪಟ್ಟಿಯಲ್ಲಿ ಇಸ್ರೇಲ್ ಇಲ್ಲ. ಹಾಗಾಗಿ ವಿಮಾನ ನಿಲ್ದಾಣದಲ್ಲಿ ಯಾರೂ ನಿಮ್ಮ ಕೆಲಸದ ಕರಾರನ್ನು ಪರೀಕ್ಷಿಸುವುದಿಲ್ಲ. ಪರೀಕ್ಷೆಯನ್ನು ನೀವೇ ಮಾಡಿಕೊಳ್ಳಬೇಕು. 'ಇ-ಮೈಗ್ರೇಟ್' ಎಂಬ ಸರಕಾರಿ ಜಾಲತಾಣದಲ್ಲಿ ಏಜೆಂಟರ ನೋಂದಣಿ ಸಂಖ್ಯೆ ಹಾಕಿ ನೋಡಬಹುದು. ನೋಂದಾಯಿತ ಏಜೆಂಟರ 'ಕಡೆಯವನು' ಎಂದು ಹೇಳಿಕೊಂಡು ಮನೆಗೆ ಬರುವ ಉಪ ಏಜೆಂಟನಿಗೆ ಕಾನೂನಿನಲ್ಲಿ ಸ್ಥಾನವಿಲ್ಲ. 2023ರಲ್ಲಿ ಎರಡೂ ದೇಶಗಳ ಸರಕಾರಗಳು ಕಟ್ಟಡ ಕೆಲಸ ಮತ್ತು ಮನೆಯ ಆರೈಕೆ ಕೆಲಸಕ್ಕೆ ಒಪ್ಪಂದ ಮಾಡಿಕೊಂಡಿವೆ. ಆ ಬಳಿಕ ಸರಕಾರಿ ಸಂಸ್ಥೆಯ ಮೂಲಕ ನೇಮಕಾತಿಯ ದಾರಿಯೂ ತೆರೆದಿದೆ. ಸ್ವಲ್ಪ ನಿಧಾನವಾದರೂ ಅದನ್ನೇ ಮೊದಲು ವಿಚಾರಿಸಿ ಎಂಬುದು ನಮ್ಮ ಸಲಹೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಎಂಟು ಲಕ್ಷ ಸಾಲ ಮಾಡಿ ಹೋದ ತಾಯಿಯೊಬ್ಬಳ ಅಜ್ಜ ಮೂರನೇ ತಿಂಗಳಲ್ಲಿ ತೀರಿಕೊಂಡರು ಎಂದಿಟ್ಟುಕೊಳ್ಳೋಣ. ಹೊಸ ಮನೆ ಸಿಗುವವರೆಗೆ ಸಂಬಳವಿಲ್ಲ, ಬಡ್ಡಿ ಮಾತ್ರ ಓಡುತ್ತಿರುತ್ತದೆ. ಆಗ ಆಕೆ ಎಂಥ ಮನೆಗಾದರೂ ಹೋಗುತ್ತಾಳೆ, ಬೈದರೂ ಹೊಡೆದರೂ ಸಹಿಸುತ್ತಾಳೆ, ವೀಸಾ ಮುಗಿದ ಮೇಲೂ ಅಡಗಿ ಉಳಿಯುತ್ತಾಳೆ. ನಮಗೆ ಕೇಳಿಬಂದ ಹೆಚ್ಚಿನ ಕಷ್ಟಗಳ ಬೇರು ಊರಿನ ಸಾಲದಲ್ಲೇ ಇತ್ತು.

ಸಂಬಳ ಮತ್ತು ಹಕ್ಕು

ಅಲ್ಲಿನ ಕನಿಷ್ಠ ಸಂಬಳ ವಿದೇಶಿಯರಿಗೂ ಅನ್ವಯಿಸುತ್ತದೆ. 2025ರ ಏಪ್ರಿಲಿನಲ್ಲಿ ಅದನ್ನು ತಿಂಗಳಿಗೆ 6,247 ಶೆಕೆಲ್‌ಗೆ ಏರಿಸಲಾಯಿತು. ವಸತಿ, ಆರೋಗ್ಯ ವಿಮೆ ಮುಂತಾದವುಗಳಿಗೆಂದು ಮಾಲಕರು ಸ್ವಲ್ಪ ಹಣ ಹಿಡಿದುಕೊಳ್ಳಬಹುದು, ಒಟ್ಟು ಕಡಿತ ಸಂಬಳದ ಶೇ. 25ನ್ನು ಮೀರಬಾರದು. ಪ್ರತಿ ತಿಂಗಳು ಸಂಬಳದ ಚೀಟಿ ಕೇಳಿ ಪಡೆದು ಫೋಟೋ ತೆಗೆದಿಡಿ. ವಾರಕ್ಕೊಂದು ರಜೆಯಿದೆ, ಅದು ಶುಕ್ರವಾರವೋ ಶನಿವಾರವೋ ಭಾನುವಾರವೋ ಎಂಬುದನ್ನು ಕರಾರು ಮಾಡುವಾಗಲೇ ನಿರ್ಧರಿಸಿಕೊಳ್ಳಬೇಕು. ವರ್ಷದಲ್ಲಿ ಒಂಬತ್ತು ಹಬ್ಬದ ರಜೆಗಳುಂಟು. ಕ್ರಿಸ್ಮಸ್, ಈಸ್ಟರ್ ಎಂದು ನಿಮ್ಮ ಧರ್ಮದ ಹಬ್ಬಗಳನ್ನು ಆರಿಸಿಕೊಳ್ಳಬಹುದು. ಒಂದು ವರ್ಷ ತುಂಬಿದ ಮೇಲೆ 'ಹವ್ರಾಆ' ಎಂಬ ವಿಶ್ರಾಂತಿ ಭತ್ಯೆಯೂ ಸಿಗುತ್ತದೆ.

ಸಿಗದ ಒಂದನ್ನೂ ಹೇಳಿಬಿಡುತ್ತೇವೆ. ಮನೆಯಲ್ಲೇ ಉಳಿಯುವ ಆರೈಕೆದಾರರಿಗೆ ಓವರ್‌ಟೈಮ್ ಇಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟ್ 2013ರಲ್ಲಿ ಅಂತಿಮವಾಗಿ ತೀರ್ಪು ನೀಡಿತು. ರಾತ್ರಿ ನಾಲ್ಕು ಬಾರಿ ಎದ್ದರೂ ಸಂಬಳ ಅಷ್ಟೇ. ಅದೇ ನ್ಯಾಯಾಲಯ 2006ರಲ್ಲಿ ಕೆಲಸಗಾರರನ್ನು ಒಬ್ಬನೇ ಮಾಲಕನಿಗೆ ಕಟ್ಟಿಹಾಕುವ ಪದ್ಧತಿಯನ್ನು ತಳ್ಳಿಹಾಕಿತು. ಆದುದರಿಂದ ಮನೆ ಸರಿಯಿಲ್ಲದಿದ್ದರೆ ಬಿಡುವ ಹಕ್ಕು ನಿಮಗಿದೆ. ಆದರೆ ನೋಟೀಸು ಕೊಟ್ಟು ಬಿಡಬೇಕು, ವರ್ಷ ಮೀರಿದ್ದರೆ ಒಂದು ತಿಂಗಳು ಮುಂಚಿತವಾಗಿ. ಹಾಸಿಗೆಯಲ್ಲಿರುವ ವೃದ್ಧರನ್ನು ಹೇಳದೆ ಕೇಳದೆ ಬಿಟ್ಟು ಹೋಗುವುದು ಕಾನೂನಿನಲ್ಲೂ ತಪ್ಪು, ಮನುಷ್ಯತ್ವದಲ್ಲೂ ತಪ್ಪು. ಮೈ ಮುಟ್ಟುವ, ಹೊಡೆಯುವ ಸಂದರ್ಭ ಬಂದರೆ ಮಾತ್ರ ಕಾಯಬೇಡಿ, ಮೊದಲು ಹೊರಗೆ ಬಂದು ಪೊಲೀಸರಿಗೆ ತಿಳಿಸಿ, 100 ಸಂಖ್ಯೆಗೆ. ಪಾಸ್‌ಪೋರ್ಟನ್ನು ಕಿತ್ತಿಟ್ಟುಕೊಳ್ಳುವುದು ಅಲ್ಲಿ ಅಪರಾಧ. ಟೆಲ್ ಅವೀವಿನಲ್ಲಿ 'ಕಾವ್ ಲಾಓವೆದ್' ಎಂಬ ಸಂಸ್ಥೆ 1991ರಿಂದ ಕಾರ್ಮಿಕರಿಗೆ ಕಾನೂನಿನ ನೆರವು ಕೊಡುತ್ತಾ ಬಂದಿದೆ.

ಮನೆಯೊಳಗೆ

ನಮ್ಮವರು ಸೋಲುವುದು ಹೆಚ್ಚಾಗಿ ಅಡುಗೆಮನೆಯಲ್ಲಿ. ಧರ್ಮ ಪಾಲಿಸುವ ಯೆಹೂದಿ ಮನೆಗಳಲ್ಲಿ ಮಾಂಸದ ಪಾತ್ರೆ ಬೇರೆ, ಹಾಲಿನ ಪಾತ್ರೆ ಬೇರೆ, ತೊಳೆಯುವ ಸ್ಪಂಜು ಕೂಡ ಬೇರೆ. ಕೋಳಿಸಾರು ಉಂಡ ಮೇಲೆ ಮೊಸರು ಬಡಿಸುವಂತಿಲ್ಲ. ಹಂದಿ ಮಾಂಸ ಮನೆಯೊಳಗೆ ತರಲೇಬಾರದು. ಮೀನಿನಲ್ಲಿ ರೆಕ್ಕೆಯೂ ಪೊರೆಯೂ ಇರುವುದು ಮಾತ್ರ ಆಗುತ್ತದೆ. ಬಂಗುಡೆ ನಡೆಯುತ್ತದೆ, ಸಿಗಡಿ, ಏಡಿ, ಮರುವಾಯಿ, ತಾಟೆ ನಡೆಯುವುದಿಲ್ಲ. ತೆಂಗಿನ ಹಾಲು ಅವರ ಲೆಕ್ಕದಲ್ಲಿ ಹಾಲಲ್ಲ, ಆದ್ದರಿಂದ ನಮ್ಮ ಕೋಳಿ ಪದಾರ್ಥಕ್ಕೆ ಅಡ್ಡಿಯಿಲ್ಲ. ಪಾಸ್ಖ ಹಬ್ಬದ ದಿನಗಳಲ್ಲಿ ಬ್ರೆಡ್ಡು, ಬಿಸ್ಕತ್ತು, ನಿಮ್ಮ ಪೆಟ್ಟಿಗೆಯೊಳಗಿನ ಚಕ್ಕುಲಿಯ ಪೊಟ್ಟಣದ ಬಗ್ಗೆಯೂ ಕೇಳಿಕೊಳ್ಳಬೇಕು. ಎಲ್ಲ ಮನೆಗಳೂ ಹೀಗಲ್ಲ, ಏನನ್ನೂ ಪಾಲಿಸದವರು ಬಹಳ ಮಂದಿ ಇದ್ದಾರೆ. ಮೊದಲ ದಿನವೇ ಮಗಳನ್ನೋ ಸೊಸೆಯನ್ನೋ ನಿಲ್ಲಿಸಿ ಎಲ್ಲವನ್ನೂ ತೋರಿಸಲು ಹೇಳಿ, ಪಾತ್ರೆಗಳಿಗೆ ಬಣ್ಣದ ಗುರುತು ಹಾಕಿಕೊಳ್ಳಿ.

ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ಕತ್ತಲಾಗುವವರೆಗೆ ಸಬ್ಬತ್. ಆಗ ಅವರು ದೀಪದ ಸ್ವಿಚ್ಚು ಒತ್ತುವುದಿಲ್ಲ, ಒಲೆ ಹಚ್ಚುವುದಿಲ್ಲ, ಫೋನು ಮುಟ್ಟುವುದಿಲ್ಲ. ನಿಮಗೆ ಒತ್ತಿರಿ ಎಂದು ನೇರವಾಗಿ ಹೇಳಲೂ ಹಿಂಜರಿಯುತ್ತಾರೆ, 'ಕೋಣೆ ಕತ್ತಲೆಯಾಗಿದೆ' ಎಂದಷ್ಟೇ ಅಂದಾರು. ಅರ್ಥ ಮಾಡಿಕೊಳ್ಳಬೇಕು. ಜೀವಕ್ಕೆ ಅಪಾಯವಾದಾಗ ಮಾತ್ರ ಸಬ್ಬತ್ತಿನ ನಿಯಮ ಅಡ್ಡ ಬರುವುದಿಲ್ಲ, ಕೂಡಲೇ ಆಂಬುಲೆನ್ಸಿಗೆ 101 ಕರೆಮಾಡಿ.

ಮಾತಿನ ರೀತಿಯೂ ಬೇರೆ. ಅಲ್ಲಿ ಸರ್, ಮೇಡಂ ಇಲ್ಲ, ಎಂಬತ್ತು ವರ್ಷದವರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನಮಗೆ ಮೊದಮೊದಲು ನಾಲಗೆ ಹೊರಳುವುದಿಲ್ಲ. 'ಸಾವ್ತಾ' ಎಂದರೆ ಅಜ್ಜಿ, 'ಸಾಬಾ' ಎಂದರೆ ಅಜ್ಜ. ಅವರು ಹಾಗೆ ಕರೆಯಲು ಒಪ್ಪಿದರೆ ನಮಗೂ ಸುಲಭ. ಅವರು ಮುಖದೆದುರೇ ಜೋರಾಗಿ ಹೇಳಿಬಿಡುತ್ತಾರೆ, ಅರ್ಧ ಗಂಟೆಯಲ್ಲಿ ಮರೆಯುತ್ತಾರೆ. ನಮ್ಮವರು ನೊಂದುಕೊಂಡು ಮೌನವಾಗುತ್ತಾರೆ. ಅರ್ಥವಾಗದಿದ್ದರೂ ತಲೆಯಾಡಿಸಿ 'ಯೆಸ್' ಎನ್ನುವ ನಮ್ಮ ಅಭ್ಯಾಸವಂತೂ ಅಪಾಯ, ಮುಖ್ಯವಾಗಿ ಮಾತ್ರೆಗಳ ವಿಷಯದಲ್ಲಿ. 'ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ' ಎಂಬುದನ್ನು ಹೀಬ್ರೂ ಭಾಷೆಯಲ್ಲಿ ಮೊದಲು ಕಲಿಯಿರಿ. ರೋಗಿಯ ಫೋಟೋವನ್ನು ಮನೆಯವರಿಗೆ ಹೇಳದೆ ಫೇಸ್‌ಬುಕ್ಕಿಗೆ ಹಾಕಬೇಡಿ. ನಿಮ್ಮ ಕೋಣೆಯಲ್ಲಿ ಜಪಸರ, ಶಿಲುಬೆ ಇಟ್ಟುಕೊಳ್ಳಲು ಹೆಚ್ಚಿನವರು ಬೇಡವೆನ್ನುವುದಿಲ್ಲ, ಕೇಳಿ ಇಡಿ. ಧರ್ಮದ ವಾದಕ್ಕೆ ಮಾತ್ರ ಇಳಿಯಬೇಡಿ. ಆ ಅಜ್ಜಿ ಯುರೋಪಿನಲ್ಲಿ ಹಿಟ್ಲರನ ಕಾಲವನ್ನು ಕಂಡು ಉಳಿದವಳಿರಬಹುದು. ಸಮವಸ್ತ್ರ ಕಂಡರೆ ಬೆಚ್ಚುವುದು, ದಿಂಬಿನಡಿ ಬ್ರೆಡ್ಡು ಅಡಗಿಸಿಡುವುದು ಹುಚ್ಚಲ್ಲ.

ಅಲ್ಲಿ ಭಾನುವಾರ ಕೆಲಸದ ದಿನ. ಆದ್ದರಿಂದ ಟೆಲ್ ಅವೀವ್, ಜಾಫಾ ಭಾಗದ ವಲಸಿಗ ಕಥೋಲಿಕರು ಹೆಚ್ಚಾಗಿ ಶನಿವಾರ ಬಲಿಪೂಜೆಗೆ ಸೇರುತ್ತಾರೆ. ಜಾಫಾದ ಸಂತ ಅಂತೋನಿಯವರ ದೇವಾಲಯ ಇವರಿಗೆಲ್ಲ ಪರಿಚಿತ. ಸಬ್ಬತ್ತಿನಲ್ಲಿ ಹೆಚ್ಚಿನ ಊರುಗಳಲ್ಲಿ ಬಸ್ಸು, ರೈಲು ಇರುವುದಿಲ್ಲ, 'ಶೆರೂತ್' ಎಂಬ ಪಾಲು ಟ್ಯಾಕ್ಸಿಯೇ ಗತಿ. ಹತ್ತಾರು ಮಂದಿ ಸೇರಿ ರಜೆಯ ರಾತ್ರಿಗೆಂದು ಒಂದು ಫ್ಲಾಟು ಬಾಡಿಗೆಗೆ ಹಿಡಿಯುವುದುಂಟು. ಊರಿನ ಸುದ್ದಿ, ಊರಿನ ಸಾರು, ಕೆಲಸ ಬದಲಿಸುವ ಮಾಹಿತಿ ಎಲ್ಲ ಸಿಗುವುದು ಅಲ್ಲೇ. ಚೀಟಿ ಫಂಡಿನಲ್ಲಿ ಹಣ ಕಳೆದುಕೊಳ್ಳುವುದೂ ಅಲ್ಲೇ.

ಯುದ್ಧದ ಭಯವನ್ನು ನಾವು ಸಣ್ಣದು ಮಾಡುವುದಿಲ್ಲ. 2021ರ ಮೇ 11ರಂದು ಆಶ್ಕೆಲೋನಿನಲ್ಲಿ ರಾಕೆಟ್ ಬಿದ್ದು ಕೇರಳದ ಆರೈಕೆದಾರ್ತಿಯೊಬ್ಬರು ಪ್ರಾಣ ಕಳೆದುಕೊಂಡರು. 2023ರ ಅಕ್ಟೋಬರಿನಲ್ಲಿ ಭಾರತ ಸರಕಾರ 'ಆಪರೇಷನ್ ಅಜಯ್' ಹೆಸರಲ್ಲಿ ವಿಮಾನಗಳನ್ನು ಕಳುಹಿಸಿದಾಗಲೂ ಆರೈಕೆ ಕೆಲಸದ ಹೆಚ್ಚಿನವರು ಅಲ್ಲೇ ಉಳಿದರು. ನಡೆಯಲಾಗದವರನ್ನು ಬಿಟ್ಟು ಬರಲು ಮನಸ್ಸಾಗಲಿಲ್ಲ ಎಂದವರಿದ್ದಾರೆ, ಸಾಲ ಬಾಕಿಯಿದೆ ಎಂದವರೂ ಇದ್ದಾರೆ. ಮನೆ ಒಪ್ಪಿಕೊಳ್ಳುವ ಮೊದಲು 'ಮಮಾದ್' ಎಂಬ ಭದ್ರ ಕೋಣೆ ಇದೆಯೇ, ಇಲ್ಲದಿದ್ದರೆ ಆಶ್ರಯ ತಾಣ ಎಷ್ಟು ದೂರ, ಗಾಲಿಕುರ್ಚಿ ಅಲ್ಲಿಗೆ ಹೋಗುತ್ತದೆಯೇ ಎಂದು ಕೇಳಿ. ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿ.

ನೀವು ನೋಡಿಕೊಂಡವರು ತೀರಿಕೊಂಡಾಗ ಅಂತ್ಯಕ್ರಿಯೆ ಅದೇ ದಿನ ಅಥವಾ ಮರುದಿನವೇ ನಡೆದುಹೋಗುತ್ತದೆ. ಬಳಿಕ ಏಳು ದಿನ ಮನೆಯವರು ನೆಲದ ಮಟ್ಟದ ಆಸನದಲ್ಲಿ ಕುಳಿತು ದುಃಖ ಆಚರಿಸುತ್ತಾರೆ. ಬಂದವರಿಗೆ ನೀರು, ಊಟ ಕೊಡುತ್ತಾ ನೀವೂ ಜೊತೆಗಿರಿ, ಆ ಉಪಕಾರವನ್ನು ಅವರು ಮರೆಯುವುದಿಲ್ಲ. ಆದರೆ ಸಮಾಧಿಯ ದಿನವೇ ನಿಮ್ಮ ಸಂಸ್ಥೆಗೆ ಫೋನು ಮಾಡಿ ವಿಷಯ ತಿಳಿಸಿ, ವೀಸಾದ ದಿನಗಳು ಅಂದಿನಿಂದಲೇ ಎಣಿಕೆಯಾಗುತ್ತವೆ. ಒಂದು ವರ್ಷ ದುಡಿದಿದ್ದರೆ ಮಾಲಕರು ತೀರಿಕೊಂಡರೂ ವರ್ಷಕ್ಕೊಂದು ತಿಂಗಳ ಸಂಬಳದಂತೆ 'ಪಿಟ್ಸುಯಿಮ್' ಎಂಬ ಪರಿಹಾರ ಸಿಗಬೇಕು. ಏಳು ದಿನ ಕಳೆದ ಮೇಲೆ ಮಕ್ಕಳಲ್ಲಿ ಅದನ್ನು ಕೇಳಿ, ಕೊನೆಯ ತಿಂಗಳ ಚೀಟಿಯನ್ನೂ ಎಂದಿನಿಂದ ಎಂದಿನವರೆಗೆ ಕೆಲಸ ಮಾಡಿದ್ದೀರಿ ಎಂಬ ಪತ್ರವನ್ನೂ ಸಹಿಯೊಂದಿಗೆ ಪಡೆದುಕೊಳ್ಳಿ.